ಇರುವ ಬೆಟ್ಟಕ್ಕೆ ಬೇಗ ಬನ್ನಿ

ವಾರಾಂತ್ಯದ ಚಾರಣಿಗರಿಗೆ ಟೇಕಲ್‌ನಿಂದ ಒಂದು ಬಹಿರಂಗ ಪತ್ರ

ವೈಟ್‌ಫೀಲ್ಡ್, ಹೂಡಿ, ಕಾಡುಗೋಡಿ ಮೊದಲಾದ ಕಡೆಗಳ ಸಮಸ್ತ ಚಾರಣಿಗ ಮಹಾಶಯರಿಗೂ ಮಹಾಶಯೆಯರಿಗೂ, ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕು ಟೇಕಲ್‌ನಿಂದ ಒಬ್ಬ ನಿವೃತ್ತ ಮೇಷ್ಟ್ರು ಮಾಡುವ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ. ಇಲ್ಲಿ ನಾವೆಲ್ಲ ಕ್ಷೇಮ. ಬೆಟ್ಟದ ಕ್ಷೇಮಸಮಾಚಾರ ಮುಂದೆ ಬರೆದಿದ್ದೇನೆ.

ಭಾನುವಾರ ಬೆಳಗ್ಗೆ ಮಾರಿಕುಪ್ಪಂ ಕಡೆ ಹೋಗುವ ರೈಲಿನಿಂದ ನೀವು ನಮ್ಮ ಸ್ಟೇಷನ್ನಿನಲ್ಲಿ ಇಳಿಯುವುದನ್ನು ನೋಡುವುದೇ ಒಂದು ಸಡಗರ. ಬೆನ್ನಿಗೊಂದು ಚೀಲ, ಚೀಲದಿಂದ ಬಾಯಿವರೆಗೆ ನೀರಿನ ಕೊಳವೆ, ಕೈಯಲ್ಲಿ ಮಡಚುವ ಊರುಗೋಲು. ನಮ್ಮಲ್ಲಿ ಎಪ್ಪತ್ತು ದಾಟಿದವರು ಮಾತ್ರ ಕೋಲು ಹಿಡಿಯುತ್ತಾರೆ. ಇಪ್ಪತ್ತೈದರ ಹುಡುಗ ಎರಡೆರಡು ಕೋಲು ಊರಿಕೊಂಡು ಬರುವುದನ್ನು ಕಂಡು ನಮ್ಮ ಬೀದಿಯ ಅಜ್ಜಿಯೊಬ್ಬರು, "ಪಾಪ, ಏನಾಗಿತ್ತಪ್ಪ ಈ ಮಗೀಗೆ?" ಎಂದು ಕೇಳಿದ್ದುಂಟು. ಏನೂ ಆಗಿಲ್ಲ ಅಜ್ಜೀ, ದುಡ್ಡು ಕೊಟ್ಟು ತಗೊಂಡಿರೋದು ಎಂದೆ. ಅವರಿಗೆ ಇನ್ನೂ ಕನಿಕರವಾಯಿತು.

ನಿಮ್ಮ ತಂಡದ ಮುಖಂಡರೊಬ್ಬರು ಟೀ ಅಂಗಡಿ ಮುಂದೆ ನಿಂತು, ಸುತ್ತಲ ಬೋಳು ಬಂಡೆಗಳನ್ನೂ ಒಣಗಿದ ಬಾದೆ ಹುಲ್ಲನ್ನೂ ಕೈ ಬೀಸಿ ತೋರಿಸಿ, "ಇಷ್ಟು ಹತ್ತಿರದಲ್ಲಿ ಇಂಥ ಮರುಭೂಮಿಯ ಬೆಟ್ಟ ಇದೆ ಅಂತ ಎಷ್ಟು ಜನಕ್ಕೆ ಗೊತ್ತು!" ಎಂದು ಉದ್ಗರಿಸಿದರು. ಆ ಮಾತು ಕೇಳಿ ನನಗಂತೂ ಎದೆ ತುಂಬಿ ಬಂತು. ಮರುಭೂಮಿ ಎನ್ನಿಸಿಕೊಳ್ಳುವುದು ಸುಮ್ಮನೆ ಆಗುವ ಕೆಲಸವಲ್ಲ ಸ್ವಾಮಿ. ವರ್ಷಕ್ಕೆ 250 ಮಿಲಿಮೀಟರಿಗಿಂತ ಕಡಿಮೆ ಮಳೆ ಬೀಳುವ ಕಡೆಯನ್ನು ಮರುಭೂಮಿ ಎನ್ನುವುದು ಭೂಗೋಳದ ಮೇಷ್ಟ್ರುಗಳ ವಾಡಿಕೆ. ನಮ್ಮ ಕೋಲಾರಕ್ಕೆ ಬೀಳುವುದು 700 ಮಿಲಿಮೀಟರಿಗೂ ಮೇಲೆ, ಹೆಚ್ಚುಕಡಿಮೆ ಅದರ ಮೂರು ಪಟ್ಟು. ದೇವರು ಇಷ್ಟು ಅಡ್ಡಗಾಲು ಹಾಕಿದರೂ ಹಟ ಬಿಡದೆ ಮರುಭೂಮಿಯ ಕಳೆ ತಂದುಕೊಂಡ ಜಿಲ್ಲೆ ಬೇರೆಲ್ಲಿದೆ, ತೋರಿಸಿ.

ಇದರ ಕೀರ್ತಿ ಯಾರೊಬ್ಬರದೂ ಅಲ್ಲ. ಹಿರಿಯರು ವರ್ಷವಿಡೀ ಹರಿಯುವ ನದಿಯಿಲ್ಲದ ಸೀಮೆಗೆ ಸಾವಿರಾರು ಕೆರೆ ಕಟ್ಟಿ ಹೋಗಿದ್ದರು. ನಾವು ಅವುಗಳ ಹೂಳು ತೆಗೆಯದೆ, ರಾಜಕಾಲುವೆ ಮುಚ್ಚಿ, ಕೆರೆಯಂಗಳದ ಮಣ್ಣನ್ನೇ ತೊಳೆದು ಫಿಲ್ಟರ್ ಮರಳು ಮಾಡಿ ನಿಮ್ಮ ಊರಿಗೆ ಕಳಿಸಿದೆವು. ಎಂಬತ್ತರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ರಾಗಿ ಹೊಲಕ್ಕೆ ನೀಲಗಿರಿ ನುಗ್ಗಿತು. ಹೊಸದಾಗಿ ನೆಡಬೇಡಿ ಎಂದು ಸರ್ಕಾರ ಹೇಳಿದ್ದು 2017ರಲ್ಲಿ. ಅಷ್ಟರಲ್ಲಿ ಕೊಳವೆಬಾವಿ ಸಾವಿರ ಅಡಿ ದಾಟಿ, ಮೇಲೆ ಬಂದ ಅಷ್ಟಿಷ್ಟು ನೀರಿನ ಜೊತೆ ಫ್ಲೋರೈಡನ್ನೂ ತರತೊಡಗಿತ್ತು. ಆಗ ಬೆಂಗಳೂರು ನಮ್ಮ ಕೈ ಬಿಡಲಿಲ್ಲ, ಒಪ್ಪಿಕೊಳ್ಳುತ್ತೇನೆ. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಯೋಜನೆ ಶುರುವಾಗಿ, ನೀವು ಮಿಂದ, ಬಟ್ಟೆ ಒಗೆದ, ಇನ್ನೂ ಏನೇನೋ ಮಾಡಿದ ನೀರು ಎರಡು ಹಂತದಲ್ಲಿ ಶುದ್ಧವಾಗಿ ಕೋಲಾರದ ಕೆರೆಗಳಿಗೆ ಹರಿದು ಬಂತು. ಮೊದಲು ಲಕ್ಷ್ಮೀಸಾಗರ ಕೆರೆಗೆ. ಮುಂದಿನ ತಿಂಗಳೇ ಅದರ ಮೇಲೆ ನೊರೆ ಎದ್ದಿತ್ತು. ಕೊಳವೆಬಾವಿಗಳಲ್ಲಿ ನೀರು ಏರಿದ್ದೂ ನಿಜ, ಮೂರನೇ ಹಂತದ ಶುದ್ಧೀಕರಣ ಯಾವಾಗ ಎಂದು ರೈತರು ಕೇಳುತ್ತಲೇ ಇರುವುದೂ ನಿಜ. ಒಟ್ಟಿನಲ್ಲಿ ಕೊಡುಕೊಳ್ಳುವ ಬಾಂಧವ್ಯ ಕುದುರಿದೆ. ನಾವು ನಿಮಗೆ ಬೆಟ್ಟ ಕಳಿಸುತ್ತೇವೆ, ನೀವು ನಮಗೆ ಸ್ನಾನದ ನೀರು ಕಳಿಸುತ್ತೀರಿ.

ಬೆಟ್ಟ ಕಳಿಸುತ್ತೇವೆ ಎಂದದ್ದನ್ನು ನೀವು ಅಲಂಕಾರ ಎಂದುಕೊಳ್ಳಬಹುದು. ಅದಕ್ಕೇ ಈ ಪತ್ರ.

ಮೊನ್ನೆ ಒಂದು ತಂಡ ಬಂದು ನಮ್ಮ ಟೀ ಅಂಗಡಿಯವನನ್ನು, "ಅಣ್ಣಾ, ಬೆಟ್ಟಕ್ಕೆ ಹೆಂಗೋಗಬೇಕು?" ಎಂದು ಕೇಳಿತು. ಅವನು ಗ್ಲಾಸು ತೊಳೆಯುತ್ತಲೇ, "ಯಾವ ಬೆಟ್ಟ ಸಾರ್? ಇರೋದಾ, ಹೋಗಿರೋದಾ?" ಎಂದ. ನೀವು ತಮಾಷೆ ಎಂದು ನಕ್ಕಿರಿ. ಅವನು ವಿಳಾಸ ಕೇಳಿದ್ದು ಅಷ್ಟೆ. ಹೋಗಿರುವ ಬೆಟ್ಟಕ್ಕಾದರೆ ಬಂದ ರೈಲಿನಲ್ಲೇ ವಾಪಸ್ ಹತ್ತಬೇಕು, ಅದು ನಿಮ್ಮ ಕಡೆಯೇ ಬಂದಿದೆ.

ಇರುವ ಬೆಟ್ಟಕ್ಕೆ ದಾರಿ ಹೇಳುತ್ತೇನೆ, ಕೇಳಿ. ನಮ್ಮದು ಹಿಮಾಲಯವಲ್ಲ, ಸಹ್ಯಾದ್ರಿಯೂ ಅಲ್ಲ. ಮಾಲೂರಿನ ಬಯಲೇ ಸಮುದ್ರ ಮಟ್ಟದಿಂದ 900 ಮೀಟರ್ ಆಸುಪಾಸಿನ ಎತ್ತರದಲ್ಲಿದೆ, ಅದರ ಮೇಲೆ ಈ ಗುಡ್ಡಗಳು ಒಂದಿಷ್ಟು ತಲೆ ಎತ್ತಿವೆ. ಹತ್ತುವ ಹಾದಿ ಚಿಕ್ಕದು. ಮೇಕೆ ಹಿಂದೆ ಓಡುವ ಹುಡುಗರಿಗೆ ಅದು ಚಾರಣವೇ ಅಲ್ಲ, ಮೇಕೆ ಹಿಂದೆ ಓಡುವುದು ಅಷ್ಟೆ. ಆದರೆ ಚಿಕ್ಕದೆಂದು ಹಗುರವಾಗಿ ಕಾಣಬೇಡಿ. ಬುಡದಲ್ಲಿ ತಂಗಡಿ, ಲಂಟಾನ, ಕಾರೆ ಮುಳ್ಳಿನ ಪೊದೆ ದಾಟಿದ ಕೂಡಲೇ ಮಣ್ಣು ಮುಗಿಯುತ್ತದೆ. ಆಮೇಲೆಲ್ಲ ಕಲ್ಲು. ಇಳಿಜಾರು ಬಂಡೆಯ ಮೇಲೆ ಮೆಟ್ಟಿಲಿಲ್ಲ, ಹಿಡಿಯಲು ಬೇರಿಲ್ಲ. ಪೂರ್ತಿ ಪಾದ ಊರಿ, ಮೈಯನ್ನು ಬಂಡೆಗೆ ಒರಗಿಸದೆ ನೆಟ್ಟಗೆ ನಡೆಯಬೇಕು. ಹೆದರಿ ಮುಂದಕ್ಕೆ ಬಾಗಿದಿರೋ, ಕಾಲು ಜಾರುತ್ತದೆ. ಬಂಡೆಯ ಮೇಲ್ಪದರ ಈರುಳ್ಳಿ ಸಿಪ್ಪೆಯಂತೆ ಎದ್ದಿರುವ ಕಡೆ ತಟ್ಟಿ ನೋಡಿ: ಟಣ್ ಎಂದರೆ ಗಟ್ಟಿ, ಡೊಬ್ ಎಂದರೆ ಪದರ ಬಿಟ್ಟಿದೆ, ಕಾಲಿಡಬೇಡಿ. ಗುಂಡುಗಳ ಸಂದಿಯಲ್ಲಿ ಕೈ ಹಾಕುವ ಮುಂಚೆ ಕಣ್ಣು ಹಾಕಿ. ಅಲ್ಲಿ ಹಾವೂ ತಂಪಿಗೆ ಬಂದಿರುತ್ತದೆ. ಚಾಚಿದ ಬಂಡೆಯ ಅಡಿಯಲ್ಲಿ ಕಪ್ಪಗೆ ಜೋತುಬಿದ್ದಿರುವುದು ನೆರಳಲ್ಲ, ಹೆಜ್ಜೇನು. ನೀವು ಪೂಸಿಕೊಂಡು ಬರುವ ಸೆಂಟಿನ ವಾಸನೆ ನಮಗೆ ಹಿಡಿಸುತ್ತದೆ, ಅವಕ್ಕೆ ಹಿಡಿಸುವುದಿಲ್ಲ.

ಹೊತ್ತೇರುವ ಮುಂಚೆ ಹತ್ತಿ ಇಳಿದುಬಿಡುವುದು ಒಳ್ಳೆಯದು. ಹತ್ತು ಗಂಟೆಯ ನಂತರ ಮೇಲಿನಿಂದ ಬಿದ್ದ ಬಿಸಿಲನ್ನು ಬಂಡೆ ಕೆಳಗಿನಿಂದಲೂ ಕೊಡತೊಡಗುತ್ತದೆ. ನೀರು ಒಬ್ಬರಿಗೆ ಮೂರು ಲೀಟರಾದರೂ ಇರಲಿ. ಮಳೆ ಬಿದ್ದ ಹೊಸದರಲ್ಲಿ ನೆತ್ತಿಯ ದೊಣೆಗಳಲ್ಲಿ ನೀರು ನಿಲ್ಲುತ್ತದೆ. ಅದು ಮೇಕೆಗೆ, ನವಿಲಿಗೆ, ರಾತ್ರಿ ಬರುವ ಚಿರತೆಗೆ ಸೇರಿದ್ದು. ಅದರಲ್ಲಿ ಕಾಲು ಅದ್ದಿ ಫೋಟೋ ತೆಗೆಸಿಕೊಳ್ಳುವುದು ನಿಮ್ಮ ಪದ್ಧತಿ ಎಂದು ಬಲ್ಲೆ. ಬೇಸಿಗೆ ಕಳೆದು ಮೊದಲ ಮಳೆ ಬೀಳುವ ದಿನಗಳಲ್ಲಿ ಬಂದರೆ ಗಂಡು ಓತಿಕ್ಯಾತ ಬೆನ್ನಿಗೆ ಕೆಂಪು, ಪಕ್ಕೆಗೆ ಕಪ್ಪು ಬಳಿದುಕೊಂಡು ಬಂಡೆಯ ತುದಿಯಲ್ಲಿ ದಂಡ ಹೊಡೆಯುತ್ತಿರುತ್ತದೆ. ಅದಕ್ಕೆ ಊರುಗೋಲು ಬೇಡ. ಶ್ರಾವಣ ಕಳೆದ ಮೇಲಾದರೆ ಕಾಡು ಸೀತಾಫಲ ಸಿಗುತ್ತದೆ. ಮೊದಲು ನಮ್ಮ ಹೆಂಗಸರು ಆರಿಸಿಕೊಳ್ಳಲಿ, ಬಂಗಾರಪೇಟೆ ಸಂತೆಯಲ್ಲಿ ಮಾರಿ ಉಳಿದದ್ದು ನಿಮಗೆ.

ಬಂಡೆಗಳ ವಯಸ್ಸು ಎಷ್ಟು ಎಂದು ನಿಮ್ಮಲ್ಲೊಬ್ಬಳು ಹುಡುಗಿ ಕೇಳಿದಳು. ಒಳ್ಳೆಯ ಪ್ರಶ್ನೆ, ಕ್ಲಾಸಿನಲ್ಲಿ ಯಾರೂ ಕೇಳುತ್ತಿರಲಿಲ್ಲ. ಕೋಲಾರದ ಚಿನ್ನದ ಶಿಲಾಪಟ್ಟಿ ಸುಮಾರು 270 ಕೋಟಿ ವರ್ಷ ಹಳೆಯದು. ಅದರ ಆಚೆ ಈಚೆ ಹರಡಿರುವ ಗ್ರಾನೈಟು, ನೈಸು ಬಂಡೆಗಳಲ್ಲಿ ಬಹುಪಾಲು 250 ಕೋಟಿ ವರ್ಷದ ಆಚೆಯವು. ಹಿಮಾಲಯಕ್ಕೆ ಐದು ಕೋಟಿ ವರ್ಷ. ನಮ್ಮ ಗುಡ್ಡದ ಮುಂದೆ ಅದು ಇನ್ನೂ ತೊಟ್ಟಿಲ ಕೂಸು. ನೆಲದಾಳದಲ್ಲಿ ಕರಗಿ, ತಣಿದು, ಮೇಲಿನ ಮೈಲಿಗಟ್ಟಲೆ ಕಲ್ಲು ಸವೆದು ಹೋದ ಮೇಲೆ ಬೆಳಕು ಕಂಡ ಬಂಡೆಗಳಿವು. ಮೇಲಿನ ಭಾರ ಇಳಿದದ್ದಕ್ಕೇ ಪದರ ಪದರವಾಗಿ ಬಿರಿದು, ಮೂಲೆಗಳು ಕಳೆದು ಗುಂಡಾದವು. ಅಷ್ಟು ನಿಧಾನದ ಕೆಲಸವನ್ನು ನಾವು ಈಗ ಪಾಳಿಯ ಮೇಲೆ ಮುಗಿಸುತ್ತಿದ್ದೇವೆ.

ಹಿಂದಿನವರಿಗೆ ಕಲ್ಲು ತೆಗೆಯಲು ಬರುತ್ತಿರಲಿಲ್ಲ ಎಂದಲ್ಲ. ನಮ್ಮ ವರದರಾಜಸ್ವಾಮಿ ದೇವಸ್ಥಾನವನ್ನು ನೀವು ನೋಡಿಲ್ಲ. ಚಾರಣದ ಪಟ್ಟಿಯಲ್ಲಿ ಅದು ಇರುವುದಿಲ್ಲ. ವಿಜಯನಗರದ ಕಾಲದಲ್ಲಿ ಇಲ್ಲಿ ಸಾಳುವ ವಂಶದವರ ಆಳ್ವಿಕೆಯಿತ್ತು. ಗೋಪರಾಜನ ಹೆಸರು ಇಲ್ಲಿನ ಶಾಸನಗಳಲ್ಲಿದೆ, ಬಿ.ಎಲ್. ರೈಸ್ ಅವನ್ನು ತಮ್ಮ ಶಾಸನ ಸಂಗ್ರಹದ 1905ರ ಕೋಲಾರ ಸಂಪುಟದಲ್ಲಿ ಅಚ್ಚು ಹಾಕಿಸಿದರು. ಕೋಟೆ, ಗುಡಿ, ಮಂಟಪ, ವೀರಗಲ್ಲು, ಹೊಲದ ಗಡಿಗೆ ನೆಟ್ಟ ಕೂಚ, ಎಲ್ಲಕ್ಕೂ ಈ ಬೆಟ್ಟವೇ ಕಲ್ಲು ಕೊಟ್ಟಿತು. ಕೊಟ್ಟೂ ಬೆಟ್ಟವಾಗಿಯೇ ಉಳಿಯಿತು.

ಅವರು ಕಲ್ಲು ಬಿಡಿಸುತ್ತಿದ್ದ ರೀತಿ ಹೇಳಬೇಕು, ಅದು ಹೇಳುವಂಥದ್ದೇ. ನಮ್ಮ ಸೀಮೆಯಲ್ಲಿ ಬೆಂಕಿಯಿಂದ ಚಪ್ಪಡಿ ಎಬ್ಬಿಸುತ್ತಿದ್ದರು. ಬಯಲು ಬಂಡೆಯ ಮೇಲೆ ಒಣ ಸೌದೆಯನ್ನು ಸಾಲಾಗಿ ಜೋಡಿಸಿ ಉರಿಸುವುದು, ಸುತ್ತಿಗೆಯಿಂದ ಮುಂದಿನ ಕಲ್ಲನ್ನು ತಟ್ಟಿ ಕೇಳುವುದು. ಸದ್ದು ಬದಲಾಯಿತೆಂದರೆ ಅಡಿಯಲ್ಲಿ ಪದರ ಬಿಟ್ಟಿತು ಎಂದರ್ಥ. ಆಗ ಉರಿಯುವ ಸೌದೆಯನ್ನು ಕೆಲವೇ ಅಂಗುಲ ಮುಂದಕ್ಕೆ ತಳ್ಳುವುದು, ಮತ್ತೆ ತಟ್ಟುವುದು, ಮತ್ತೆ ತಳ್ಳುವುದು. ಹೀಗೆ ಬೆಂಕಿಯ ಗೆರೆ ತೆವಳುತ್ತಾ ಹೋಗಿ, ಸುಮಾರು ಅರ್ಧ ಅಡಿ ದಪ್ಪದ, ಅಂಗಳದಷ್ಟು ಅಗಲದ ಹಾಸು ಒಂದು ಬಿರುಕೂ ಇಲ್ಲದೆ ಏಳುತ್ತಿತ್ತು. ಇದನ್ನು ನೋಡಿ ಬೆರಗಾದ ವಾರ್ತ್ ಎಂಬ ಸಾಹೇಬರು 1895ರಲ್ಲಿ ಇಂಗ್ಲೆಂಡಿನ 'ನೇಚರ್' ಪತ್ರಿಕೆಗೆ ಬರೆದರು. ಒಳ್ಳೆಯ ಕಿವಿಯೊಂದು ಬಿಟ್ಟರೆ ಬೇರೆ ಯಂತ್ರ ಅದಕ್ಕೆ ಬೇಕಿರಲಿಲ್ಲ. ಉಳಿಯಿಂದ ಸಾಲು ಕುಳಿ ತೋಡಿ, ಬೆಣೆ ಹೊಡೆದು ಸೀಳುವ ಭೋವಿಗಳೂ ಇದ್ದರು. ಅವರು ಕಂಬ, ಸೈಜುಗಲ್ಲು, ಚಪ್ಪಡಿ ತೆಗೆದರು. ಬೆಂಗಳೂರಿನ ಹಳೆಯ ಮನೆಗಳ ಪಾಯದಲ್ಲೂ ಸೀಮೆಯ ಹಿತ್ತಿಲ ಬೇಲಿಗಳಲ್ಲೂ ಅವು ಈಗಲೂ ನಿಂತಿವೆ. ಈಗ ಕಂಪ್ರೆಸರ್ ಕುಳಿ ಕೊರೆಯುತ್ತದೆ, ಜಿಲೆಟಿನ್ ಕೂಗುತ್ತದೆ, ಕ್ರಷರ್ ಅಗಿಯುತ್ತದೆ. ಅಗಿದು 40 ಎಂ.ಎಂ., 20 ಎಂ.ಎಂ., 12 ಎಂ.ಎಂ. ಜಲ್ಲಿ ಎಂದು ವಿಂಗಡಿಸುತ್ತದೆ. ಇನ್ನೂ ಅಗಿದರೆ 4.75 ಮಿಲಿಮೀಟರ್ ಜರಡಿಯಲ್ಲಿ ಇಳಿಯುವ ಎಂ-ಸ್ಯಾಂಡ್. ದೂರದ ಬೆಟ್ಟ ಮಾತ್ರ ನುಣ್ಣಗೆ ಎನ್ನುತ್ತಿದ್ದ ಹಿರಿಯರು ಈಗಿದ್ದಿದ್ದರೆ, ಟಿಪ್ಪರಿನೊಳಗೆ ಕೈ ಹಾಕಿ ಹತ್ತಿರದ ಬೆಟ್ಟವೂ ಅಷ್ಟೇ ನುಣ್ಣಗಿರುವುದನ್ನು ಮುಟ್ಟಿ ನೋಡಬಹುದಿತ್ತು.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ನೀವು ಸಜ್ಜನರು. ಬೆಟ್ಟದ ಮೇಲೆ ಬಾಳೆಹಣ್ಣಿನ ಸಿಪ್ಪೆಯನ್ನೂ ಬಿಡದೆ ಚೀಲದಲ್ಲಿ ವಾಪಸ್ ಕೊಂಡೊಯ್ಯುತ್ತೀರಿ. ಹೆಜ್ಜೆ ಗುರುತು ಬಿಟ್ಟು ಬೇರೇನೂ ಬಿಡುವುದಿಲ್ಲ, ಫೋಟೋ ಬಿಟ್ಟು ಬೇರೇನೂ ಒಯ್ಯುವುದಿಲ್ಲ ಎಂದು ನಿಮ್ಮ ಬನಿಯನ್ನಿನ ಮೇಲೇ ಬರೆದಿರುತ್ತದೆ. ಅಕ್ಷರಶಃ ಸತ್ಯ. ಬೆಟ್ಟದಿಂದ ನೀವು ಏನನ್ನೂ ಒಯ್ಯುವುದಿಲ್ಲ. ಅದು ತಾನಾಗಿ ಮನೆ ಬಾಗಿಲಿಗೆ ಬರುತ್ತದೆ.

ಮೇಷ್ಟ್ರ ಚಾಳಿ, ಲೆಕ್ಕ ಮಾಡದೆ ಇರಲಾರೆ. ಮೇಸ್ತ್ರಿಗಳ ಅಂದಾಜಿನಲ್ಲಿ ಒಂದು ಚದರಡಿ ಕಟ್ಟಡಕ್ಕೆ ಒಂದೂಕಾಲಿಗಿಂತ ತುಸು ಹೆಚ್ಚು ಘನ ಅಡಿ ಜಲ್ಲಿ, ಒಂದೂಮುಕ್ಕಾಲು ಘನ ಅಡಿ ಮರಳು ಹಿಡಿಯುತ್ತದೆ. ನಿಮ್ಮದು 1200 ಚದರಡಿಯ ಎರಡು ಕೋಣೆಯ ಫ್ಲ್ಯಾಟ್ ಎಂದುಕೊಳ್ಳೋಣ. ಜಲ್ಲಿ ಸುಮಾರು 1600 ಘನ ಅಡಿ, ಮರಳು 2100. ಮರಳೂ ಈಗ ಕಲ್ಲಿನದೇ. ತೂಕ ಹಾಕಿದರೆ ಎರಡೂ ಸೇರಿ 160 ಟನ್ ಹತ್ತಿರ. ಇದನ್ನು ಪುಡಿಯಾಗುವ ಮುಂಚಿನ ಬಂಡೆಗೆ ತಿರುಗಿಸಿದರೆ ಉದ್ದ, ಅಗಲ, ಎತ್ತರ ಮೂರೂ ಹದಿಮೂರು ಅಡಿಯ ಒಂದು ಕಲ್ಲು. ಹೋದ ಭಾನುವಾರ ನೀವೆಲ್ಲ ಕೈ ಅಗಲಿಸಿ ಸುತ್ತ ನಿಂತು ಫೋಟೋ ತೆಗೆಸಿಕೊಂಡಿರಲ್ಲ, ಹೆಚ್ಚುಕಡಿಮೆ ಅಂಥದೇ ಒಂದು ಗುಂಡು. ಒಂದು ಮನೆಗೆ ಒಂದು. ಇನ್ನೂರು ಮನೆಯ ನಿಮ್ಮ ಸಮುಚ್ಚಯಕ್ಕೆ ಅಂಥ ಇನ್ನೂರು. ಈಜುಕೊಳ, ಕಾರು ನಿಲ್ಲಿಸುವ ನೆಲಮಾಳಿಗೆಗಳು, ಅಡುಗೆಮನೆಯ ಕಪ್ಪು ಕಟ್ಟೆ, ಗೇಟಿನವರೆಗಿನ ರಸ್ತೆ, ಗೇಟಿನಿಂದಾಚೆಯ ಮೇಲ್ಸೇತುವೆ, ನೀವು ಬಂದ ರೈಲಿನ ಹಳಿಯಡಿಯ ಜಲ್ಲಿ, ಇವು ಯಾವುವನ್ನೂ ನಾನು ಲೆಕ್ಕಕ್ಕೆ ಹಿಡಿದಿಲ್ಲ. ಎಲ್ಲ ಕಲ್ಲೂ ಟೇಕಲ್‌ನದೇ ಎಂಬ ಜಂಬವೂ ನನಗಿಲ್ಲ. ಬೆಂಗಳೂರಿನ ಸುತ್ತ ಯಾವ ತಾಲ್ಲೂಕೂ ಈ ದಾನದಲ್ಲಿ ಹಿಂದೆ ಬಿದ್ದಿಲ್ಲ.

ಆದ್ದರಿಂದ ನನ್ನದೊಂದು ಸಲಹೆ. ಭಾನುವಾರ ಬೆಳಗ್ಗೆ ನಾಲ್ಕಕ್ಕೆ ಎದ್ದು, ನಿದ್ದೆಗೆಟ್ಟು ಇಲ್ಲಿವರೆಗೆ ಬರುವ ತೊಂದರೆ ಯಾಕೆ? ಲಿಫ್ಟ್ ಬಿಡಿ. ನೆಲಮಾಳಿಗೆಯಿಂದ ಹದಿನಾಲ್ಕನೇ ಮಹಡಿಗೆ ಮೆಟ್ಟಿಲು ಹತ್ತಿ. ನೀವು ಹತ್ತುತ್ತಿರುವುದು ಬೆಟ್ಟವೇ. ದಾರಿಯಲ್ಲಿ ಹಾವಿಲ್ಲ, ಹೆಜ್ಜೇನಿಲ್ಲ, ಬಿಸಿಲಿಲ್ಲ. ತಾರಸಿಗೆ ಹೋಗಿ ನಿಂತರೆ ಸೂರ್ಯೋದಯವೂ ಸಿಗುತ್ತದೆ. ಬೇಕೆಂದರೆ ಗೇಟಿನ ಹತ್ತಿರ ಟೇಕಲ್ ಎಂದು ಒಂದು ಬೋರ್ಡು ನಿಲ್ಲಿಸಿಕೊಳ್ಳಿ, ನಮ್ಮ ತಕರಾರಿಲ್ಲ.

ಇದನ್ನೆಲ್ಲ ಓದಿ ನಾವೇನೋ ಬೆಟ್ಟಕ್ಕೆ ಕಾವಲು ಕೂತವರು, ನೀವು ಕೊಳ್ಳೆ ಹೊಡೆದವರು ಎಂದು ತಿಳಿಯಬೇಡಿ. ನಾನು ಇದನ್ನು ಬರೆಯುತ್ತಿರುವುದು ಚಪ್ಪಡಿ ಹಾಸಿದ ಪಡಸಾಲೆಯಲ್ಲಿ ಕೂತು. ನಮ್ಮ ಹುಡುಗರು ಟಿಪ್ಪರ್ ಓಡಿಸಿ ಅಕ್ಕತಂಗಿಯರ ಮದುವೆ ಮಾಡಿದ್ದಾರೆ. ನನ್ನ ಹಳೆಯ ಶಿಷ್ಯರಲ್ಲಿ ಕಲ್ಲು ಕೊರೆದು ಮಕ್ಕಳನ್ನು ಇಂಜಿನಿಯರಿಂಗ್ ಓದಿಸಿದವರಿದ್ದಾರೆ. ಆ ಮಕ್ಕಳು ಈಗ ವೈಟ್‌ಫೀಲ್ಡಿನಲ್ಲಿ ನಿಮ್ಮ ಪಕ್ಕದ ಮೇಜಿನಲ್ಲಿರಬಹುದು, ಭಾನುವಾರ ನಿಮ್ಮ ಜೊತೆಯೇ ಊರುಗೋಲು ಹಿಡಿದು ಬರುತ್ತಲೂ ಇರಬಹುದು. ಅದೇ ಕಲ್ಲು ಕೊರೆದು ಐವತ್ತಕ್ಕೇ ಉಸಿರು ಎಳೆಯಲಾಗದೆ ಕೂತವರೂ ಇದ್ದಾರೆ. ಕಲ್ಲಿನ ಧೂಳು ಶ್ವಾಸಕೋಶಕ್ಕೆ ಇಳಿದರೆ ಮತ್ತೆ ಹತ್ತಿ ಬರುವುದಿಲ್ಲ. ಹಿಪ್ಪುನೇರಳೆ ತೋಟ ಮಾಡಿದವರ ಪಾಡು ಬೇರೆ. ಧೂಳು ಕೂತ ಸೊಪ್ಪನ್ನು ರೇಷ್ಮೆ ಹುಳು ಮೂಸಿಯೂ ನೋಡುವುದಿಲ್ಲ. ಹುಳುವಿಗೆ ಅರ್ಜಿ ಬರೆಯಲು ಬಾರದು, ಹಾಗಾಗಿ ಅದು ತಿನ್ನುವುದನ್ನೇ ಬಿಡುತ್ತದೆ. ಮನುಷ್ಯರಾದ ನಾವು ಅರ್ಜಿ ಬರೆದು, ಸ್ವೀಕೃತಿ ಪಡೆದು, ಊಟಕ್ಕೆ ಕೂರುತ್ತೇವೆ.

ಕಾನೂನು ಇಲ್ಲವೆಂದಲ್ಲ. 1994ರ ಉಪಖನಿಜ ನಿಯಮಗಳಿವೆ, ಕಲ್ಲು ಪುಡಿ ಮಾಡುವ ಘಟಕಗಳಿಗೆಂದೇ 2011ರ ಕಾಯ್ದೆ ಇದೆ. ಇಷ್ಟು ದೂರ, ಇಷ್ಟು ಗೋಡೆ, ಇಷ್ಟು ಹೊತ್ತು ನೀರು ಚಿಮುಕಿಸುವುದು, ಎಲ್ಲ ಬರೆದಿದೆ. ನಿಮಗೂ ಕಾನೂನು ಬಂದಿದೆ. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಸಾವಿರಾರು ಜನ ಒಟ್ಟಿಗೆ ನುಗ್ಗಿದ ಮೇಲೆ ಅರಣ್ಯ ಇಲಾಖೆ ಎಚ್ಚೆತ್ತು, ಆನ್‌ಲೈನ್ ಟಿಕೆಟ್ಟಿಲ್ಲದ ಚಾರಣ ಹಾದಿಗಳನ್ನು ನಿಲ್ಲಿಸಿತು. ಈಗ ದಿನಕ್ಕೆ ಇಷ್ಟೇ ಜನ, ಹೆಸರು, ಫೋನ್ ನಂಬರು, ಹಣ. ಬೆಟ್ಟದ ಮೇಲೆ ಭಾರ ಹೆಚ್ಚಾಗಬಾರದು ಎಂಬ ಕಾಳಜಿ. ತಲೆಗೆ ಅರವತ್ತೆಪ್ಪತ್ತು ಕಿಲೋ ತೂಗುವ ಮನುಷ್ಯರು ಬೆಟ್ಟ ಹತ್ತಿ ಮತ್ತೆ ಇಳಿದು ಹೋಗುವುದಕ್ಕೆ ಇಷ್ಟು ಬಂದೋಬಸ್ತು. ಬೆಟ್ಟವೇ ಇಳಿದು ಹೋಗುವುದಕ್ಕೆ ಪರ್ಮಿಟ್ಟಿನ ಒಂದು ಚೀಟಿ, ರಾಜಧನ, ಒಂದು ತಾಡಪಾಲು. ಆ ತಾಡಪಾಲನ್ನೂ ಕಟ್ಟುವುದು ಚೆಕ್‌ಪೋಸ್ಟ್ ಕಾಣಿಸಿದ ಮೇಲೆಯೇ.

ನಿಮಗೆ ನಿಜವಾದ ಮರುಭೂಮಿಯೇ ಬೇಕಿದ್ದರೆ ಟೇಕಲ್‌ನಲ್ಲಿ ಇಳಿಯದೆ ಅದೇ ರೈಲಿನಲ್ಲಿ ಕೊನೆಯವರೆಗೆ ಹೋಗಿ. 2001ರ ಫೆಬ್ರುವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಕೆ.ಜಿ.ಎಫ್.ನಲ್ಲಿ ಉಳಿದಿರುವುದು ಸೈನೈಡ್ ಗುಡ್ಡಗಳು. ನೆಲದಡಿ ಮೂರು ಕಿಲೋಮೀಟರಿಗೂ ಆಳದಿಂದ ಕಲ್ಲು ತಂದು, ಕುಟ್ಟಿ, ಚಿನ್ನ ಬಸಿದುಕೊಂಡು, ಉಳಿದ ಪುಡಿಯನ್ನು ರಾಶಿ ಹಾಕಿದ್ದು. ಹುಲ್ಲು ಹುಟ್ಟುವುದು ಅಪರೂಪ, ಗಾಳಿ ಬೀಸಿದರೆ ಊರ ಮೇಲೆಲ್ಲ ಬೂದಿ ಬಣ್ಣ. ಸಿನಿಮಾದವರಿಗೆ ಬಹಳ ಹಿಡಿಸಿದ ಜಾಗ. ನೋಡಿ, ನಮ್ಮ ಜಿಲ್ಲೆಯ ಸಾಧನೆ ಹೇಗಿದೆ: ದೇವರು ಮಾಡಿದ ಬೆಟ್ಟವನ್ನು ಪುಡಿ ಮಾಡುತ್ತೇವೆ, ಪುಡಿಯಿಂದ ನಮ್ಮದೇ ಬೆಟ್ಟ ಮಾಡುತ್ತೇವೆ. ವಾಪಸ್ ಬರುವಾಗ ಬಂಗಾರಪೇಟೆಯಲ್ಲಿ ಇಳಿದು ಪಾನಿಪುರಿ ತಿನ್ನಿ. ಅದರ ನೀರು ತಿಳಿಯಾಗಿ, ಬಣ್ಣವಿಲ್ಲದೆ ಇರುತ್ತದೆ. ಜಿಲ್ಲೆಯಲ್ಲಿ ಅಷ್ಟು ತಿಳಿನೀರು ಬೇರೆಲ್ಲೂ ಸಿಗದು.

ಇನ್ನು ನೀವು ಬರುವ ದಿನದ ಬಗ್ಗೆ. ಹಳಿ ಹಳೆಯದು, 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ ಹಾಕಿದ್ದು. ರೈಲು ಮಾತ್ರ ತನ್ನ ಹೊತ್ತಿಗೆ ಬರುತ್ತದೆ. ಈಗ ಹೊಸಕೋಟೆಯಿಂದ ಮಾಲೂರು, ಬಂಗಾರಪೇಟೆ ಸೀಮೆಯ ಮೇಲೆ ಚೆನ್ನೈ ಎಕ್ಸ್‌ಪ್ರೆಸ್‌ವೇ ಬೇರೆ ಆಗಿದೆ. ಅದರ ಮೇಲೆ ಕಾರು ಗಾಳಿಯಂತೆ ಬರುತ್ತದೆ, ಇಕ್ಕೆಲದಲ್ಲಿ ಬೋಳುಗುಡ್ಡ ನೋಡಲು ಚೆನ್ನ. ಹೆದ್ದಾರಿ ಅಷ್ಟು ಗಟ್ಟಿಯಾಗಿ, ಎತ್ತರವಾಗಿ, ನೆಟ್ಟಗೆ ಇರುವುದು ಹೇಗೆಂದು ನಿಮಗೆ ಈಗ ಹೇಳಬೇಕಿಲ್ಲ. ಬರುವುದಾದರೆ ಮುಂದೂಡಬೇಡಿ. ನಿಮ್ಮ ಹಿಂದಿನ ತಂಡದವರು, "ಚಾರಣ ಚೆನ್ನಾಗಿತ್ತು, ಆದರೆ ತೀರಾ ಚಿಕ್ಕದು" ಎಂದು ಟೀ ಅಂಗಡಿಯವನ ಹತ್ತಿರ ದೂರಿದರು. ಅವನು, "ಮುಂದಿನ ವರ್ಷ ಬನ್ನಿ ಸಾರ್, ಇನ್ನೂ ಚಿಕ್ಕದಾಗಿರ್ತದೆ" ಎಂದು ಸಮಾಧಾನ ಮಾಡಿದ.

ಕ್ವಾರಿ ಇರುವ ಕಡೆಗೆ ಹೋಗುವುದಾದರೆ ಕೆಂಪು ಬಾವುಟ ನೋಡಿಕೊಳ್ಳಿ. ಸಿಳ್ಳೆ ಕೇಳಿದರೆ ಅದು ನಿಮ್ಮ ತಂಡದ ಮುಖಂಡರದಲ್ಲ. ದೊಡ್ಡ ಗುಂಡಿನ ಮರೆಗೆ ಕೂತು ಕಿವಿ ಮುಚ್ಚಿಕೊಳ್ಳಿ. ಮರೆಗೆ ಗುಂಡು ಸಿಗುವಷ್ಟು ದಿನ ನೀವು ಅದೃಷ್ಟವಂತರು.

ಕೊನೆಯದಾಗಿ ಒಂದು ಸಣ್ಣ ಬೇಡಿಕೆ, ಸಂಕೋಚದಿಂದಲೇ ಕೇಳುತ್ತೇನೆ. ಸ್ಟೇಷನ್ನಿನಿಂದ ನಮ್ಮ ಬೀದಿಗೆ ಬರುವ ರಸ್ತೆಯಲ್ಲಿ ಟಿಪ್ಪರ್ ಓಡಾಡಿ ಮೊಣಕಾಲುದ್ದದ ಹಳ್ಳ ಬಿದ್ದಿದೆ. ಮುಚ್ಚಿಸಿ ಎಂದು ಕೇಳಿದರೆ, ಜಲ್ಲಿ ಸಿಗುತ್ತಿಲ್ಲ ಮೇಷ್ಟ್ರೇ, ಎಲ್ಲ ಬೆಂಗಳೂರಿಗೆ ಬುಕ್ ಆಗಿದೆ ಎನ್ನುತ್ತಾರೆ. ನಿಮ್ಮ ಸಮುಚ್ಚಯದ ಎರಡನೇ ಹಂತದ ಕೆಲಸ ನಡೆಯುತ್ತಿದೆ ಎಂದು ನಿಮ್ಮಲ್ಲೊಬ್ಬರು ಹೇಳಿದ ನೆನಪು. ಅಲ್ಲಿ ಮೂಲೆಯಲ್ಲಿ ಉಳಿಕೆ ಬಿದ್ದಿದ್ದರೆ, ಬರುವ ಭಾನುವಾರ ಕಾರಿನ ಡಿಕ್ಕಿಯಲ್ಲಿ ನಾಲ್ಕು ಚೀಲ ಹಾಕಿಕೊಂಡು ಬನ್ನಿ. 40 ಎಂ.ಎಂ. ಆದರೆ ಒಳ್ಳೆಯದು, 20 ಆದರೂ ನಡೆಯುತ್ತದೆ. ಬಾಡಿಗೆ ನಾನು ಕೊಡುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಟೇಕಲ್‌ನ ಒಬ್ಬ ನಿವೃತ್ತ ಮೇಷ್ಟ್ರು